ಮರಿನಾಲ್ವಾ, ಗುರುವಾರಕ್ಕೆ ಮುಂಚೆ

ಹನ್ನೊಂದು ದಿನವಾಯಿತು ನೀನು ಏನನ್ನೂ ಅಗಿಯದೆ.
ಶಾಲೆಯ ಅಡುಗೆಮನೆಯಲ್ಲಿ ಮುನ್ನೂರು ಮಕ್ಕಳಿಗೆ ಅನ್ನ ಬಸಿದು
ಕಾಳಿನ ಸಾರಿಗೆ ಉಪ್ಪು ನೋಡಲು
ಪಕ್ಕದವಳ ನಾಲಿಗೆಯನ್ನು ಕಡ ಕೇಳುತ್ತೀಯಂತೆ.
ನಿನ್ನೆ ಫೋನಿನಲ್ಲಿ ಅದನ್ನು ಹೇಳಿ ನಕ್ಕೆ. ಆ ನಗುವಿನ ತಳದಲ್ಲಿ
ಏನೋ ಹತ್ತಿಕೊಂಡಿತ್ತು, ಸೀದ ಪಾತ್ರೆಯ ಹಾಗೆ.

ಹೆದರಿಕೆ ಸಹಜ ಎಂದು ಡಾಕ್ಟರು ಹೇಳಿರುತ್ತಾರೆ.
ನನಗೆ ಕತ್ತಿಯ ಹೆದರಿಕೆ ಇರಲಿಲ್ಲ,
ಆಮೇಲೆ ಭಾನುವಾರಗಳನ್ನು ಏನು ಮಾಡುವುದು ಎಂಬುದಿತ್ತು.
ಅಮ್ಮನ ಮೇಜು, ಮುಸುಕಿನ ಜೋಳದ ಕುಸ್ಕುಸ್, ತೆಂಗಿನಹಾಲಿನ ಮೀನು.
ಇನ್ನೊಂದು ಸೌಟು ಬೇಡವೆಂದರೆ
ಪ್ರೀತಿಯೇ ಬೇಡವೆಂದಂತೆ ಕೇಳಿಸುವ ಮನೆ.
ಮೊದಲ ಭಾನುವಾರ ಅಮ್ಮ
ಮೂರು ಚಮಚದ ನನ್ನ ತಟ್ಟೆ ನೋಡಿದಳು,
ಹಿತ್ತಲಿಗೆ ಹೋಗಿ ಬಟ್ಟೆ ಒಗೆದಳು.
ಒಗೆದು ಒಣಗಿದ್ದ ಬಟ್ಟೆಯನ್ನೇ.

ಸುಳ್ಳು ಹೇಳಲಾರೆ. ನಾಲ್ಕನೆಯ ತಿಂಗಳು
ಬಚ್ಚಲ ಜಾಲರಿ ತುಂಬ ಕೂದಲು.
ತೋಳಿನ ಚರ್ಮ ಜೋತುಬಿತ್ತು;
ದೊಡ್ಡವರ ಕೋಟು ತೊಟ್ಟ ಹುಡುಗನ ಹಾಗೆ
ನನ್ನೊಳಗೆ ನಾನೇ ಸಡಿಲಾದೆ.
ಒಮ್ಮೆ ಒಂದು ತುತ್ತು ಅವಸರಿಸಿ
ಬೋವಾ ವಿಸ್ಟಾ ಸೇತುವೆಯ ಕಂಬಿ ಹಿಡಿದು ಕಾರಿಕೊಂಡೆ.
ರೆಸಿಫೆಯ ಅರ್ಧ ಊರು ಹಾದುಹೋಯಿತು.
ಕೆಳಗೆ ನದಿ ಏನೂ ಕೇಳಲಿಲ್ಲ.

ಅದೂ ಇತ್ತು. ಇದೂ ಇತ್ತು:
ಒಂದು ಬೆಳಿಗ್ಗೆ ಬಗ್ಗಿ, ಚಪ್ಪಲಿಯ ಪಟ್ಟಿ ನಾನೇ ಬಿಗಿದೆ.
ಮಗನನ್ನು ಕರೆಯಲು ಬಾಯಿ ತೆರೆದವಳು
ಹಾಗೇ ಕೂತುಬಿಟ್ಟೆ, ಬಾಗಿಲ ಬಳಿ, ಹತ್ತು ನಿಮಿಷ.
ಬಸ್ಸು ತಪ್ಪಿತು.

ಬಸ್ಸೆಂದರೆ ನೆನಪಾಯಿತು. ನೆನಪಾಯಿತು ಅನ್ನುವುದೂ ಸುಳ್ಳು,
ಮರೆತದ್ದೇ ಇಲ್ಲ.
ಹದಿನೇಳು ವರ್ಷ ನಾನು ಟಿಕೆಟ್ಟಿನ ಹಣಕ್ಕೆ ಕೂತದ್ದು
ಆ ತಿರುಗುಗಂಬಿಯ ಪಕ್ಕದಲ್ಲಿ,
ಮುಂದೆ ಹತ್ತಿದವರೆಲ್ಲ ಸೊಂಟದಿಂದ ತಳ್ಳಿಕೊಂಡು
ಒಬ್ಬೊಬ್ಬರೇ ಹಾಯಬೇಕಾದ ಕಬ್ಬಿಣದ ಮೂರು ತೋಳು.
ಜೂನ್ ತಿಂಗಳು. ನಾವಿನ್ನೂ ಗೆಳತಿಯರಲ್ಲ.
ನೀನು ನಡುವೆ ಸಿಕ್ಕಿಕೊಂಡೆ.
ಹಿಂದೆ ಸರಿಯಲು ಸಾಲು ಬಿಡದು, ಮುಂದೆ ಹೋಗಲು ಕಂಬಿ ಬಿಡದು.
ಎಣ್ಣೆ ಹಚ್ಚಿ ಅಂದ ಯಾರೋ. ಬಸ್ಸಿಗೆ ಬಸ್ಸೇ ನಕ್ಕಿತು.
ನಾನು ನಗಲಿಲ್ಲ. ಚಿಲ್ಲರೆ ಎಣಿಸಿದೆ.
ಎಣಿಸಿದ್ದನ್ನೇ ಮತ್ತೆ ಎಣಿಸಿದೆ.
ನಿನಗಿಂತ ದಪ್ಪವಿದ್ದೆ ನಾನು, ಗಲ್ಲಾದ ಹಿಂದೆ ಕೂತಿದ್ದೆ, ಅಷ್ಟೆ;
ತಲೆ ಎತ್ತಿದ್ದರೆ ಆ ನಗು ನನ್ನ ಕಡೆಗೂ ತಿರುಗುತ್ತಿತ್ತು.
ಹಿಂಬಾಗಿಲು ತೆಗೆಸಲು
ಡ್ರೈವರಿಗೆ ಒಂದು ಮಾತು ಸಾಕಿತ್ತು.

ಅದಕ್ಕೇ, ಗುರುವಾರ ಅದು ಅಂಗೈಯಷ್ಟಾಗುವ ಮುಂಚೆ
ಇದೊಂದನ್ನು ಹೊಟ್ಟೆಗೆ ಹಾಕಿಕೋ.
ಇದಕ್ಕೆ ಅಗಿಯುವ ಕೆಲಸವಿಲ್ಲ, ಪಥ್ಯಕ್ಕೆ ಅಡ್ಡಿಯಿಲ್ಲ.
ಆಗದಿದ್ದರೆ ಆಮೇಲೆ, ಗುಟುಕು ಗುಟುಕಾಗಿ.

ಬಾಯಿ ಕಟ್ಟಲಾಗಲಿಲ್ಲವೇ, ಸುಲಭದ ದಾರಿ ಹಿಡಿದೆಯಾ
ಎಂದು ಕೇಳುವವರು ಬರುತ್ತಾರೆ. ಹೂವು ಹಿಡಿದೇ ಬರುತ್ತಾರೆ.
ಸರ್ಕಾರಿ ಆಸ್ಪತ್ರೆಯ ಸರದಿಯಲ್ಲಿ ನಾಲ್ಕು ವರ್ಷ
ಮಡಿಚಿ ಮಡಿಚಿ ಬಟ್ಟೆಯಂತಾದ ಆ ಚೀಟಿ ತೋರಿಸು.
ತೋರಿಸದಿದ್ದರೂ ನಡೆಯುತ್ತದೆ.
ಸಣ್ಣಗಾದರೆ ಒಳ್ಳೆಯವಳಾಗುತ್ತೀಯೆಂದು ಮಾತ್ರ ನಂಬಬೇಡ.
ಮೊದಲೂ ಕೆಟ್ಟವಳಾಗಿರಲಿಲ್ಲ ನೀನು.
ಕಂಬಿ ಇಕ್ಕಟ್ಟಾಗಿತ್ತು.

ಬೆಳಿಗ್ಗೆ ಐದೂವರೆಗೆ ಗೇಟಿನ ಹತ್ತಿರ ಇರುತ್ತೇನೆ. ಹಳದಿ ಕೊಡೆ.
ಚೀಲದಲ್ಲಿ ಕಾಫಿಯ ಪ್ಲಾಸ್ಟಿಕ್ ಲೋಟ ಒಂದಿದೆ,
ಐವತ್ತು ಮಿಲಿ ಹಿಡಿಯುವಂಥದ್ದು.
ಮೂರು ವಾರ ನನ್ನ ಬೆಳಗು, ಮಧ್ಯಾಹ್ನ, ರಾತ್ರಿ
ಎಲ್ಲ ಅದರಷ್ಟೇ ಇದ್ದವು.
ತೊಳೆದಿಟ್ಟಿದ್ದೇನೆ ನಿನಗೆಂದು. ಅಂಚು ಒಂದು ಕಡೆ ಕಚ್ಚಿದೆ,
ಹಸಿವಿಗಲ್ಲ, ಸಿಟ್ಟಿಗೆ.
ಬೇಕಾದರೆ ಇನ್ನೊಂದು ಕಡೆ ನೀನು ಕಚ್ಚು.